ಮಡಿಸಬೇಡಿ, ಊದಿ!

ನಮ್ಮ ಭಾವನಿಗೆ ಗೊತ್ತಿಲ್ಲದ ಗುಟ್ಟು ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಅಪ್ಪಿತಪ್ಪಿ ಒಂದು ಇದೆ ಎಂದು ನೀವು ತೋರಿಸಿಕೊಟ್ಟರೆ, ಅದು ಗುಟ್ಟೇ ಅಲ್ಲ, ತಮ್ಮ ದಿಕ್ಕು ತಪ್ಪಿಸುವುದಕ್ಕೆ ಡೆಲ್ಲಿಯಲ್ಲಿ ಕೂತವರು ಬೇಕೆಂದೇ ಬಿಟ್ಟಿರುವ ಪುಕಾರು ಎಂದು ಸಾಧಿಸಿಬಿಡುತ್ತಿದ್ದರು! ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೆ? ನಾನಂತೂ ಗೆದ್ದಿಲ್ಲ. ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುವ ಮೇಷ್ಟರು ನಾನು. ಸಂವಿಧಾನ, ಮತದಾನ, ಪ್ರಜೆಯ ಹಕ್ಕು ಎಂದು ಗಂಟಲು ಹರಿದುಕೊಳ್ಳುವುದೇ ನನ್ನ ಕಸುಬು. ನನ್ನ ಮಾತಿಗೆ ಮಕ್ಕಳು ಆಕಳಿಸುತ್ತಿದ್ದರು. ಭಾವನ ಮಾತಿಗೆ ಊರಿಗೂರೇ ಬಾಯಿ ಬಿಟ್ಟುಕೊಂಡು ಕೂರುತ್ತಿತ್ತು. ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಅದೂ ಸಣ್ಣಪುಟ್ಟ ಹೊಟ್ಟೆಕಿಚ್ಚಲ್ಲ!

ನಮ್ಮದು ಮೂಲ ನಾಗಮಂಗಲದ ಕಡೆ. ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಅಕ್ಕ ಶಾಲೆ ಬಿಟ್ಟು ನನ್ನನ್ನು ಸಾಕಿದಳು. ಆಮೇಲೆ ಅವಳನ್ನು ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿ ದಾಟಿ ಹೋದರೆ ಸಿಗುವ ಒಂದು ಹಳ್ಳಿಗೆ, ಆಲೆಮನೆ ಇಟ್ಟುಕೊಂಡಿದ್ದ ಈ ಭಾವನಿಗೆ ಕೊಟ್ಟರು. ಪುಣ್ಯಕ್ಕೆ ನನಗೂ ಅದೇ ಊರಿನ ಹೈಸ್ಕೂಲಿನಲ್ಲಿ ಕೆಲಸವಾಯಿತು. ಅವರ ಎದುರುಮನೆಯಲ್ಲೇ ಸಂಸಾರ ಹೂಡಿದೆ. ಇನ್ನು ಅಕ್ಕ ಕಣ್ಣೆದುರಿಗೇ ಇರುತ್ತಾಳೆ ಎಂದು ಹಿಗ್ಗಿದೆ. ಕಣ್ಣೆದುರಿಗೇನೋ ಇದ್ದಳು. ಆದರೆ ಅವಳ ಕಿವಿ ಎರಡೂ ಭಾವನ ಬಾಯಿಯ ಕಡೆಗೇ ಇದ್ದವು. ಭಾವ ಒಂದು ಪುಕಾರು ಎತ್ತಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, "ಇವ್ರ್ ತಲೇಲಿ ಅದೇನ್ ಉಳ ಸೇರ್ಕಂಡದೋ" ಎನ್ನುತ್ತಿದ್ದಳು, ಮುಂದಕ್ಕೆ ಹೇಳಲಿ ಎಂದು ಇನ್ನೊಂದು ಲೋಟ ಕಾಫಿ ಕೊಡುತ್ತಿದ್ದಳು. ನಾನು ಪಂಚವಾರ್ಷಿಕ ಯೋಜನೆ ವಿವರಿಸಿದರೆ? "ಊಟ ಮಾಡ್ದಾ ಮಗ?" ಎಂದು ಎದ್ದು ಹೋಗುತ್ತಿದ್ದಳು.

ಜನ ಸೇರುವುದು ಭಾವನ ಮಾತಿಗಲ್ಲ, ಆಲೆಮನೆಯ ಬಿಸಿ ಬೆಲ್ಲಕ್ಕೆ ಎಂದು ಬಹಳ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ಪರೀಕ್ಷೆ ಮಾಡಿಯೇಬಿಡೋಣ ಎನಿಸಿತು. ಭಾವ ಗಾಣದ ಕಡೆ ಹೋಗಿದ್ದಾಗ, ಬಾಳೆ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು ನಾನೇ ಎಲ್ಲರಿಗೂ ಹಂಚುತ್ತಾ, ಗ್ರಾಮ ಸ್ವರಾಜ್ಯದ ಬಗ್ಗೆ ನಾಲ್ಕು ಮಾತು ಶುರು ಮಾಡಿದೆ. ಎಲ್ಲರೂ ಬೆಲ್ಲ ತೆಗೆದುಕೊಂಡರು, ಚಪ್ಪರಿಸಿದರು, ಬೆರಳು ನೆಕ್ಕಿಕೊಂಡು ಒಬ್ಬೊಬ್ಬರಾಗಿ ಗಾಣದ ಕಡೆ ಭಾವನನ್ನು ಹುಡುಕಿಕೊಂಡು ಹೊರಟುಹೋದರು! ಕೊಪ್ಪರಿಗೆಯ ಮುಂದೆ ಉಳಿದವರು ನಾನು, ಮತ್ತು ಬೆಂಕಿಗೆ ತರಗು ತಳ್ಳುತ್ತಿದ್ದ ಕಿವುಡ ಮುದುಕ.

ಭಾವನ ವಿದ್ಯೆ ಎಂಥದೆಂದು ಒಂದು ಉದಾಹರಣೆ ಕೊಡುತ್ತೇನೆ. ರೇಡಿಯೋದಲ್ಲಿ ವಾರ್ತೆ ಓದುವವರು ಕೆಮ್ಮಿದರೆ ಅದು ಬರೀ ಕೆಮ್ಮಲ್ಲ, ಅಧಿಕಾರಿಗಳಿಗೆ ಕೊಡುವ ಸಂಕೇತ ಎಂದು ಅವರು ಕಂಡುಹಿಡಿದಿದ್ದರು. "ಬಾಯ್ ಬುಟ್ಟು ಯೇಳಕ್ಕಾಗ್ದಿದ್ದನ್ನ ಗಂಟ್ಲಲ್ಲಿ ಯೇಳ್ತಾರೆ ಕಣ್ಲಾ!" ಅಂದರು. ಒಂದು ಸಂಜೆ, ಪಾಪ, ವಾರ್ತೆ ಓದುವವರಿಗೆ ನೆಗಡಿ. ಕೆಮ್ಮಿದ್ದೇ ಕೆಮ್ಮಿದ್ದು. ಸೀಮೆಎಣ್ಣೆಯ ಸುದ್ದಿ ಓದುವಾಗಲೇ ಜಾಸ್ತಿ ಕೆಮ್ಮಿದರು ಎಂದು ಭಾವ ಷರಾ ಬರೆದದ್ದೇ ತಡ, ಬೆಳಿಗ್ಗೆ ಇಡೀ ಬೀದಿ ಕ್ಯಾನು ಹಿಡಿದು ಸೊಸೈಟಿ ಮುಂದೆ ನಿಂತಿತು. ಮಧ್ಯಾಹ್ನದೊಳಗೆ ಸೀಮೆಎಣ್ಣೆ ಖಾಲಿ. "ನೋಡ್ದಾ ಮೇಷ್ಟ್ರೇ? ಖಾಲಿ ಆಗೋಯ್ತು!" ಎಂದರು ಭಾವ. ಅಲ್ಲ ಸ್ವಾಮಿ, ಊರೆಲ್ಲ ಒಂದೇ ಸಲ ಹೋಗಿ ತುಂಬಿಸಿಕೊಂಡು ಬಂದರೆ ಖಾಲಿಯಾಗದೆ ಇನ್ನೇನಾಗುತ್ತದೆ! ಇದನ್ನು ಯಾರಿಗೆ ಹೇಳುವುದು? ಹೇಳಿದೆ. ನನ್ನ ಹೆಂಡತಿ, "ರೀ, ಸುಮ್ನೆ ಕ್ಯಾನ್ ತಗಂಡ್ ಓಗಿ, ಏನಾದ್ರೂ ಸಿಕ್ಕೀತು" ಎಂದಳು.

ಫೋಟೋ ಇರುವ ಓಟಿನ ಗುರುತಿನ ಚೀಟಿ ಬಂತಲ್ಲ, ಆಗಂತೂ ಭಾವನಿಗೆ ಸುಗ್ಗಿಯೋ ಸುಗ್ಗಿ. ನಮ್ಮ ಶಾಲೆಯಲ್ಲೇ ಫೋಟೋ ತೆಗೆಯುವ ಶಿಬಿರ. ಉಸ್ತುವಾರಿ ನನ್ನದು. ಮುಖ ನೇರ ಇರಬೇಕು, ಎರಡು ಕಿವಿಯೂ ಕಾಣಬೇಕು ಎಂದು ಫೋಟೋದವನು ಹೇಳಿದ. ಅಷ್ಟು ಸಾಕಾಯಿತು. "ಕಿವಿ ಯಾಕ್ಲಾ ಬೇಕು ಇವ್ರಿಗೆ? ಓಟ್ ಆಕಾದು ಕಿವಿಯಿಂದಲಾ?" ಎಂದು ಭಾವ ಆಲೆಮನೆಯಲ್ಲಿ ಕೇಳಿದರಂತೆ. "ಎಬ್ಬೆಟ್ ಇದ್ದಂಗೆ ಕಿವೀನೂ. ಒಬ್ರುದ್ ಇದ್ದಂಗೆ ಇನ್ನೊಬ್ರುದ್ ಇರಾಕಿಲ್ಲ. ಯಾರ್ ಭಾಷ್ಣ ಯಾರ್ ಕೇಳುದ್ರು ಅಂತ ನಾಳೆ ಇಡ್ಕತಾರೆ!" ಎಂದರಂತೆ.

ಮಾರನೆಯ ದಿನ ನೋಡಬೇಕಿತ್ತು ನಮ್ಮ ಶಾಲೆಯ ಅಂಗಳ! ಗಂಡಸರೆಲ್ಲ ಕಿವಿ ಮುಚ್ಚಿ ಟವೆಲ್ಲು ಕಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ. ಹೆಂಗಸರ ಸೆರಗು ಕಿವಿಯಿಂದ ಒಂದಿಂಚೂ ಜರುಗುತ್ತಿಲ್ಲ. ನಾನು ಕೈಮುಗಿದೆ, ಬೇಡಿದೆ, ಗದರಿದೆ. ಫೋಟೋದವನಿಗೆ ಸಾಕುಸಾಕಾಗಿ, ಹೇಗಿದ್ದೀರೋ ಹಾಗೇ ಬನ್ನಿ ಎಂದು ಬಟನ್ನು ಒತ್ತತೊಡಗಿದ. ಸಾಲಿನ ಕೊನೆಯಲ್ಲಿ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದವಳು ನನ್ನ ಹೆಂಡತಿ! ಚೀಟಿಗಳು ಬಂದಾಗ ನಮ್ಮ ಬೀದಿಗೆ ಬೀದಿಯೇ ಹಲ್ಲುನೋವಿನಿಂದ ನರಳುತ್ತಿರುವಂತೆ ಕಾಣುತ್ತಿತ್ತು. ಇಡೀ ಬೀದಿಯಲ್ಲಿ ಎದೆ ಸೆಟೆಸಿ ಎರಡೂ ಕಿವಿ ತೋರಿಸಿದ್ದವನು ನಾನೊಬ್ಬನೇ. ನನ್ನ ಚೀಟಿಯಲ್ಲಿ ಹೆಸರು ನನ್ನದು, ಅಪ್ಪನ ಹೆಸರು ನನ್ನ ಅಪ್ಪನದು, ಫೋಟೋ ಮಾತ್ರ ಯಾವನೋ ಗಿರಿಜಾಮೀಸೆಯವನದು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಿವಿ ತೋರ್ಸಿದ್ದಕ್ಕೆ ಮಖಾನೇ ಓಯ್ತಲ್ಲೋ ಮೇಷ್ಟ್ರೇ!" ಎಂದರು. ಅಕ್ಕ ನಗುತ್ತಾ ನಗುತ್ತಾ ಜಗಲಿಯ ಮೇಲೇ ಕೂತುಬಿಟ್ಟಳು.

ಇನ್ನೊಂದು ಉರಿ ಹೇಳುತ್ತೇನೆ ಕೇಳಿ. ಮೈಸೂರಿನಿಂದ ಬರುತ್ತಾ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿದೆ. ಪಕ್ಕದಲ್ಲಿ ಕೂತ ಅಪರಿಚಿತರೊಬ್ಬರು ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಸಾರ್, ಫೋಟೋದಲ್ಲಿ ಕಿವಿ ಮಾತ್ರ ತೋರಿಸಬೇಡಿ" ಎಂದರು! ಯಾರು ಹೇಳಿದ್ದು ಎಂದೆ. "ಪಾಂಡವಪುರದ ಕಡೆ ಯಾರೋ ದೊಡ್ಡ ಆಫೀಸರಂತೆ. ಮನಸ್ಸು ತಡೀದೆ ಕೆಲಸಕ್ಕೇ ರಾಜೀನಾಮೆ ಕೊಟ್ಟು ಈ ಸತ್ಯ ಹೊರಗೆ ಹಾಕಿದಾರೆ" ಎಂದರು. ನಾನು ಇಷ್ಟು ವರ್ಷ ಹೇಳಿದ ಪಾಠದಲ್ಲಿ ಒಂದಾದರೂ ಶಾಲೆಯ ಗೇಟು ದಾಟಿದ್ದುಂಟೆ? ಭಾವನ ಸುಳ್ಳು ಬಸ್ಸು ಹತ್ತಿ ಹೊಳೆ ದಾಟಿ ಊರೂರು ಸುತ್ತಿ, ಆಫೀಸರಾಗಿ ಬಡ್ತಿ ಪಡೆದು, ವಾಪಸ್ಸು ನನ್ನ ಕಿವಿಗೇ ಬಂದಿತ್ತು. ಬೆಲ್ಲ ಕಾಯಿಸುವವರನ್ನು ಆಫೀಸರು ಮಾಡಿದರಲ್ಲ ಎಂದು ಪಾಂಡವಪುರದವರೆಗೂ ಉರಿದುಕೊಂಡೇ ಬಂದೆ.

ಇಷ್ಟಾದರೂ ಇದೆಲ್ಲ ನಗೆಚಾಟಿಕೆಯಾಗಿಯೇ ಇತ್ತು. ಅಕ್ಕ ಚುನಾವಣೆಗೆ ನಿಲ್ಲುವವರೆಗೆ.

ಗ್ರಾಮ ಪಂಚಾಯಿತಿಯಲ್ಲಿ ಹೆಂಗಸರಿಗೆ ಜಾಗ ಮೀಸಲಿಟ್ಟರು ನೋಡಿ, ನಮ್ಮ ಬೀದಿಯ ಸೀಟೂ ಹೆಂಗಸರ ಪಾಲಿಗೆ ಬಂತು. ಊರಿನವರು ಭಾವನ ಮುಖ ನೋಡಿ ಅಕ್ಕನ ಹೆಸರು ಎತ್ತಿದರು. ಅಕ್ಕ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಮುಂದಿನಿಂದ ಎದ್ದು ಬಂದು, "ನಿಂತ್ಕತೀನಿ" ಎಂದಳು. ಆಮೇಲೆ ನನ್ನನ್ನು ಒಳಗೆ ಕರೆದು, "ಇಸ್ಕೂಲ್ ಬುಟ್ಟ ಮ್ಯಾಲೆ ಒಂದ್ ಕುರ್ಚಿ ಮ್ಯಾಲೂ ಕುಂತಿಲ್ಲ ಕಣ್ಲಾ ನಾನು. ಎಂಗಸ್ರು ಬಟ್ಟೆ ಒಗ್ಯೋ ಕಡೆ ಮೆಟ್ಲಿಲ್ಲ, ಜಾರ್ಬಿದ್ದು ಸೊಂಟ ಮುರ್ಕೊತಾವ್ರೆ. ಅದೊಂದ್ ಮಾಡುಸ್ಬೇಕು. ಪಂಚಾಯ್ತಿ ಕಾನೂನು ಏನೇನದೆ, ನಂಗೆ ಯೇಳ್ಕೊಡು" ಎಂದಳು.

ನನ್ನ ಸಂಭ್ರಮ ಕೇಳಬೇಕೆ? ಕೊನೆಗೂ ಅಕ್ಕ ನನ್ನ ಹತ್ತಿರ ಬಂದಿದ್ದಳು! ದಿನಾ ಸಂಜೆ ಅವಳ ಪಾಠ. ಠರಾವು ಎಂದರೇನು, ಕೋರಂ ಎಂದರೇನು, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ಭಾವ ಜಗಲಿಯಲ್ಲಿ ಒಬ್ಬರೇ ಬೀಡಿ ಸೇದುತ್ತಾ ಕೂತಿರುತ್ತಿದ್ದರು. ಆ ದಿನಗಳಲ್ಲಿ ನನ್ನಷ್ಟು ಸುಖಿ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ಅಕ್ಕನ ಗುರುತು ಹೊಲಿಗೆ ಮೆಷಿನ್ನು. ಎದುರು ನಿಂತವಳು ಒಬ್ಬ ಕಂಟ್ರಾಕ್ಟರನ ಹೆಂಡತಿ, ಅವಳದು ಕೊಡೆ. ಓಟಿನ ಚೀಟಿಯಲ್ಲಿ ಎರಡೂ ಒಂದರ ಕೆಳಗೊಂದು. ಓಟಿಗೆ ಕೆಲವೇ ದಿನ ಇರುವಾಗ ಭಾವ ಪ್ರಚಾರಕ್ಕೆಂದು ಅಚ್ಚು ಹಾಕಿಸಿದ ಮಾದರಿ ಚೀಟಿಯನ್ನು ಆಲೆಮನೆಯಲ್ಲಿ ಹರವಿಕೊಂಡರು. ಬೆಲ್ಲದ ಮೂಟೆಗೆ ಗುರುತು ಹಾಕುವ ಮಸಿಯನ್ನು ಹೊಲಿಗೆ ಮೆಷಿನ್ನಿನ ಮೇಲೆ ಒತ್ತಿದರು. ಚೀಟಿಯನ್ನು ಅಡ್ಡಕ್ಕೆ ಮಡಿಸಿ ಬಿಚ್ಚಿದರು. ಕೊಡೆಯ ಮೇಲೂ ಮಸಿ! ಸೇರಿದ್ದ ಜನ ಹೌಹಾರಿತು.

"ಇದ್ಕೇ ಕಣ್ರುಲಾ ಮಡ್ಸು ಮಡ್ಸು ಅಂತ ಆಫೀಸರ್ ಬಡ್ಕಳಾದು! ನಾವ್ ಮೆಷಿನ್ಗೆ ಒತ್ತಿದ್ದು ಕೊಡೆಗೆ ಓಯ್ತದೆ. ಯಾರೂ ಮಡುಸ್ಬ್ಯಾಡಿ. ಊದಿ! ಚೆನ್ನಾಗ್ ಊದಿ, ಒಣಗ್ಸಿ, ಆಮ್ಯಾಕೆ ಡಬ್ಬಕ್ಕಾಕಿ!" ಎಂದರು ಭಾವ.

ನಾನು ಓಡಿಹೋದೆ. ಉದ್ದಕ್ಕೆ ಮೊದಲು ಮಡಿಸಿದರೆ ಮಸಿ ಹೆಸರಿನ ಕಡೆಗೆ ಅಂಟುತ್ತದೆ, ಇನ್ನೊಬ್ಬರ ಗುರುತಿಗಲ್ಲ. ಒಂದು ವೇಳೆ ಅಂಟಿದರೂ ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಎಣಿಸುವವರಿಗೆ ಗೊತ್ತಾಗುತ್ತದೆ. ಚೀಟಿ ಬಿಚ್ಚಿ ತೋರಿಸಿದರೆ ಗುಟ್ಟು ಬಯಲಾಗಿ ಓಟೇ ರದ್ದಾಗುತ್ತದೆ. ಎಲ್ಲವನ್ನೂ ಹೇಳಿದೆ. ಚೀಟಿ ಮಡಿಸಿಯೂ ತೋರಿಸಿದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. "ಪಾಪ, ಸರ್ಕಾರಿ ಸಂಬ್ಳ ತಗಳೋರು. ಅವ್ರು ಇನ್ನೇನ್ ಯೇಳಕ್ಕಾಯ್ತದೆ?" ಎಂದಿತು ಒಂದು ದನಿ. ಅಕ್ಕನ ಹತ್ತಿರ ಹೋಗಿ, ನೀನಾದರೂ ಹೇಳು ಎಂದೆ. ಅವಳು ನನ್ನ ಮುಖ ನೋಡಿದಳು, ಭಾವನ ಮುಖ ನೋಡಿದಳು. "ಕಣ್ಣಾರ ಕಂಡ್ನಲ್ಲೋ ಮಗ, ಮಸಿ ಅಂಟ್ಕಂತು" ಎಂದಳು. ಅಷ್ಟು ಸಂಜೆಗಳ ಪಾಠ ಒಂದು ತೊಟ್ಟು ಮಸಿಯ ಮುಂದೆ ನಿಲ್ಲಲಿಲ್ಲ!

ಓಟಿನ ದಿನ ನನಗೆ ಡ್ಯೂಟಿ ಬಿದ್ದದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಬೂಕನಕೆರೆಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ. ಅಲ್ಲಿ ನಾನೇ ಮತಗಟ್ಟೆ ಅಧಿಕಾರಿ. ಸದ್ಯ, ಭಾವನ ಕೈಗೆ ಸಿಗದಷ್ಟು ದೂರ ಬಂದೆ ಎಂದು ನೆಮ್ಮದಿಯಾಗಿ ಕೂತೆ. ಬೆಳಿಗ್ಗೆ ಬಂದ ಅಜ್ಜಿಯೊಬ್ಬಳು ಮರೆಗೆ ಹೋಗಿ ಮುದ್ರೆ ಒತ್ತಿದಳು. ಒಳಗಿನಿಂದ ಸದ್ದು ಕೇಳಿತು. ಉಫ್! ಉಫ್!

"ಯಾರಜ್ಜಿ ನಿನಗೆ ಊದು ಅಂದಿದ್ದು?" ಎಂದೆ.

"ಪಾಂಡಪುರದ್ ಕಡೆ ಯಾರೋ ಪುಣ್ಯಾತ್ಮ್ರಂತೆ ಕಣಪ್ಪ. ಬಾಳ ಸೂಕ್ಷ್ಮ ತಿಳ್ದೋರಂತೆ" ಎಂದಳು ಅಜ್ಜಿ.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಪುಣ್ಯಾತ್ಮರಂತೆ! ಆಮೇಲೆ ಬಂದದ್ದು ಭಯ. ಇಲ್ಲೇ ಹೀಗಾದರೆ ನಮ್ಮೂರಿನ ಗತಿಯೇನು? ಅಜ್ಜಿಗೆ ಮರೆಯಲ್ಲೇ ಮಡಿಸುವುದನ್ನು ಹೇಳಿಕೊಟ್ಟೆ, ಬಂದವರಿಗೆಲ್ಲ ಹೇಳಿಕೊಟ್ಟೆ. ಅಲ್ಲಿಯವರು ನನ್ನ ಮಾತು ಕೇಳಿದರು, ಯಾಕೆಂದರೆ ಅಲ್ಲಿ ನಮ್ಮ ಭಾವ ಇರಲಿಲ್ಲ.

ಊರಿನಲ್ಲಿ ನಡೆದದ್ದನ್ನು ಹೆಂಡತಿ ಹೇಳಿದಳು. ಸಾಲಿನಲ್ಲಿ ಮೊದಲನೆಯವರೇ ಭಾವ. ಮುದ್ರೆ ಒತ್ತಿ, ಚೀಟಿಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಗಾಳಿ ಚೆನ್ನಾಗಿ ಬರಲಿ ಎಂದು ಮರೆಯಿಂದ ಈಚೆಗೇ ಬಂದು ಊದತೊಡಗಿದರಂತೆ. ಅವರ ಹಿಂದೆ ಅಕ್ಕನಿಗಾಗಿ ಬೆಳಗಾಗುವ ಮುಂಚೆಯೇ ಬಂದು ನಿಂತಿದ್ದ ನಂಬಿಕಸ್ತರೆಲ್ಲ ಉಫ್ ಉಫ್ ಎನ್ನುತ್ತಾ ಬಂದರು. ಕೊಡೆ ಕಡೆಯ ಏಜೆಂಟ, "ಮೆಷಿನ್ನು! ಇದೂ ಮೆಷಿನ್ನು!" ಎಂದು ಜೋರಾಗಿ ಓದಿ ತಕರಾರು ತೆಗೆದ. ಗುಟ್ಟು ಕಾಯಲಿಲ್ಲ ಎಂದು ಅಧಿಕಾರಿ ಚೀಟಿಗಳನ್ನು ವಾಪಸ್ಸು ಪಡೆದು ರದ್ದು ಮಾಡಿದರು, ಆಮೇಲೆ ಬಂದವರಿಗೆ ಮರೆಯಲ್ಲೇ ಮಡಿಸಿ ತನ್ನಿ ಎಂದು ತಾಕೀತು ಮಾಡಿದರಂತೆ. ಮೊದಲು ರದ್ದಾದದ್ದು ಭಾವನ ಓಟು. ಹೆಂಡತಿಗೆ ಗಂಡ ಹಾಕಿದ ಓಟು!

ಪಾಂಡವಪುರದಲ್ಲಿ ಎಣಿಕೆಯಾಯಿತು. ಅಕ್ಕ ಸೋತಳು. ಬಹಳ ಅಂತರವೇನಲ್ಲ. ಬೆಳಿಗ್ಗೆ ಊದಿದವರೆಲ್ಲ ಮಡಿಸಿದ್ದರೆ ಗೆಲ್ಲುತ್ತಿದ್ದಳು, ಅಷ್ಟೇ. ಅಕ್ಕ ಅಳಲಿಲ್ಲ. ಮನೆಗೆ ಬಂದು ಸೀರೆ ಬದಲಾಯಿಸಿ, ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತಳು. ಭಾವನ ಜೊತೆ ಮಾತು ಬಿಟ್ಟಳು.

ಸಂಜೆ ಆಲೆಮನೆಯ ಮುಂದೆ ಹಿಂದೆಂದೂ ಸೇರದಷ್ಟು ಜನ ಸೇರಿತು. "ಏನ್ ಮೋಸ ಮಾಡುದ್ರು ಯೇಳಣ್ಣೋ! ಡಬ್ಬ ಬದ್ಲಾಯ್ಸುದ್ರಾ? ಎಣ್ಸೋರ್ನ ಕೊಂಡ್ಕಂಡ್ರಾ?" ಎಂದು ಕೂಗಿದರು. ಕೆಲವರ ಕೈಯಲ್ಲಿ ಕಬ್ಬಿನ ಜಲ್ಲೆಯಿತ್ತು, ಕಣ್ಣು ಕಂಟ್ರಾಕ್ಟರನ ಮನೆಯ ಕಡೆಗಿತ್ತು. ಭಾವ ಒಂದು ಮಾತು ಅಂದಿದ್ದರೆ ಸಾಕು, ಆ ಮನೆಯ ಹೆಂಚು ಉಳಿಯುತ್ತಿರಲಿಲ್ಲ. ಭಾವ ಪಾಕ ತಿರುವುತ್ತಿದ್ದವರು ಹುಟ್ಟನ್ನು ಬದಿಗಿಟ್ಟರು.

"ಯಾರೂ ಮೋಸ ಮಾಡಿಲ್ಲ ಕಣ್ರಪ್ಪ. ನನ್ ಬಾಯಿಂದ ಓಯ್ತು. ಮೇಷ್ಟ್ರು ಯೇಳಿದ್ದೇ ದಿಟ. ಮನೀಗೋಗಿ" ಎಂದರು.

ನಂಬಿದರು ಎಂದುಕೊಂಡಿರಾ? ಒಬ್ಬರೂ ನಂಬಲಿಲ್ಲ! ಜಲ್ಲೆಗಳೇನೋ ಕೆಳಗಿಳಿದವು, ಬಾಯಿಗಳು ಮಾತ್ರ ಮೇಲೆದ್ದವು. "ಅಣ್ಣುನ್ ಬಾಯ್ ಕಟ್ಟವ್ರೆ ಕಣ್ಲಾ. ಬೆದರ್ಸವ್ರೆ!" ಎಂದು ಗುಸುಗುಸು ಮಾಡುತ್ತಾ ಚದುರಿದರು. ಆ ಪುಕಾರು ಭಾವನ ಎಲ್ಲ ಪುಕಾರುಗಳಿಗಿಂತ ದೂರ ಹೋಯಿತು. ತೊಣ್ಣೂರಿನ ನೆಂಟರು ಭಾವ ಬದುಕಿದ್ದಾರೋ ಇಲ್ಲವೋ ಎಂದು ನೋಡಿಕೊಂಡು ಹೋಗಲು ಬಂದಿದ್ದರು!

ಆಮೇಲಿನ ದಿನಗಳಲ್ಲಿ ಅಕ್ಕನ ಪಕ್ಕದ ಜಾಗ ನನಗೇ ಸಿಕ್ಕಿತು. ಕಾಫಿ ಲೋಟ ನನಗೇ ಬರುತ್ತಿತ್ತು. ನಾನು ಹೇಳಿದ್ದಕ್ಕೆಲ್ಲ ಅಕ್ಕ ಹೂಂ ಎನ್ನುತ್ತಿದ್ದಳು. ನಗುತ್ತಿರಲಿಲ್ಲ. ರೇಡಿಯೋದಲ್ಲಿ ವಾರ್ತೆ ಓದುವವರು ಒಮ್ಮೆ ಕೆಮ್ಮಿದರು. ಅಕ್ಕ ಥಟ್ಟನೆ ತಲೆಯೆತ್ತಿ ಜಗಲಿಯ ಕಡೆ ನೋಡಿದಳು. ಜಗಲಿಯಿಂದ ಒಂದು ಮಾತೂ ಬರಲಿಲ್ಲ. ನಾನು ಕಾಫಿ ಲೋಟ ಕೆಳಗಿಟ್ಟೆ.

ಹಾಗಿರುವಾಗ ಅಸೆಂಬ್ಲಿ ಚುನಾವಣೆ ಹತ್ತಿರ ಬಂತು. ಭಾವ ಹಳೆಯ ಪೇಪರುಗಳನ್ನು ಚೀಟಿಯ ಅಳತೆಗೆ ಕತ್ತರಿಸಿ ಟವೆಲ್ಲಿನಲ್ಲಿ ಕಟ್ಟಿಕೊಂಡು ಮನೆಮನೆಗೆ ಹೊರಟರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಂದು ಮಡಿಸಿ ತೋರಿಸಿದರು. ಜನ ಎದುರಿಗೆ ತಲೆಯಾಡಿಸಿದರು, ಬೆನ್ನ ಹಿಂದೆ ಕಣ್ಣು ಹೊಡೆದರು. ಒಂದು ಮನೆಯವರಂತೂ, "ಅರ್ಥ ಆಯ್ತು ಬುಡಣ್ಣ, ಯಾರೋ ನಿನ್ ಕೈಲಿ ಇಂಗ್ ಯೇಳುಸ್ತಾವ್ರೆ. ನಾವ್ ಊದ್ತೀವಿ" ಎಂದು ಧೈರ್ಯ ಹೇಳಿ ಕಳಿಸಿದರಂತೆ.

ಭಾವ ಸುಸ್ತಾಗಿ ಬಂದು ಅವರ ಜಗಲಿಯ ಮೇಲೆ, ನನ್ನ ಪಕ್ಕದಲ್ಲಿ ಕೂತರು. ಪೇಪರಿನ ಚೂರುಗಳು ಹಾಗೇ ಉಳಿದಿದ್ದವು. ಟವೆಲ್ಲಿನ ಗಂಟು ಬಿಚ್ಚಿ ಅವನ್ನು ಜಗಲಿಯ ಮೇಲೆ ಸುರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಲೋ ಮೇಷ್ಟ್ರೇ. ದಿಟ ಯೇಳುದ್ರೆ ಯಾರೂ ನಂಬಾಕಿಲ್ವಲ್ಲೋ. ಇಷ್ಟ್ ವರ್ಸ ಎಂಗ್ಲಾ ತಡ್ಕಂಡೆ ನೀನು?"

ಯಾರಾದರೂ ಒಬ್ಬರು ಈ ಮಾತು ಕೇಳಲಿ ಎಂದು ನಾನು ಎಷ್ಟು ವರ್ಷ ಕಾದಿದ್ದೆ! ಒಂದು ಚೂರು ತೆಗೆದುಕೊಂಡು ಸುಮ್ಮನೆ ಮಡಿಸಿದೆ. ಭಾವನೂ ಒಂದು ಮಡಿಸಿದರು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ. ಕೆಳಗೆ ಕೂತು, ಭಾವನ ಕೈಯಿಂದ ಚೀಟಿ ಕಿತ್ತುಕೊಂಡು, "ತತ್ತನ್ನಿ ಇಲ್ಲಿ. ಮುಂದ್ಲ ಸಲವೂ ನಿಂತ್ಕತೀನಿ ನಾನು" ಎಂದಳು. ಉದ್ದಕ್ಕೆ ಎಂದೆ ನಾನು. ಉದ್ದಕ್ಕೆ ಎಂದರು ಭಾವ. ಆಮೇಲೆ ಅಡ್ಡಕ್ಕೆ ಎಂದೆವು ಇಬ್ಬರೂ. ಅಕ್ಕ ಮಡಿಸುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದಳು.

"ಇಬ್ರೂ ಒಂದೇ ಮಾತ್ ಯೇಳ್ತಾ ಇದ್ದೀರಲ್ಲ. ಇದ್ರಲ್ಲೇನೋ ಮೋಸ ಅದೆ!" ಎಂದಳು, ಸೆರಗು ಬಾಯಿಗಿಟ್ಟುಕೊಂಡಳು.

ಪಂಚಾಯಿತಿಗೆ ನಿಂತು ಸೋತ ಮೇಲೆ ಅಕ್ಕ ನಕ್ಕಿದ್ದು ಅದೇ ಮೊದಲು. ಭಾವನ ಕಣ್ಣು ತುಂಬಿತ್ತು, ಟವೆಲ್ಲು ಕೊಡವಿ ಒರೆಸಿಕೊಂಡರು. ಆ ನಗು ನನಗಾಗಿ ಬಂತೋ ಭಾವನಿಗಾಗಿ ಬಂತೋ ಎಂದು ನಾನು ಕೇಳಲಿಲ್ಲ. ಅಕ್ಕ ಕಾಫಿ ಇಡಲು ಒಳಗೆ ಹೋದಳು, ನಾವಿಬ್ಬರೂ ಉಳಿದ ಚೂರುಗಳನ್ನು ಮಡಿಸುತ್ತಾ ಕೂತೆವು.